ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಒಂದೇ ತಾಸು

ಘತ್ತರಗಿಯ ಭಾಗ್ಯವಂತಿ ದೇವಿಗೆ ಕೈಮುಗಿದು ಬಂದು ಭೀಮಾ ನದಿಯ ಮೆಟ್ಟಿಲ ಮೇಲೆ ನರ್ಮದಾ ಪಾದ ತೊಳೆಯುತ್ತಿದ್ದಳು. ಎರಡು ಮೆಟ್ಟಿಲು ಮೇಲೆ ನಿಂತ ವ್ಯಂಕಟೇಶ ನದಿಯನ್ನು ನೋಡುವ ನೆಪದಲ್ಲಿ ಅವಳ ಗೆಜ್ಜೆಯನ್ನೇ ನೋಡುತ್ತಿದ್ದ. ನರೋಣಾದ ಈ ಹುಡುಗ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಗುಮಾಸ್ತನಾಗಿ ಎರಡು ವರ್ಷವಾಗಿತ್ತು.

“ನಿಮ್ಮಪ್ಪಾರು ಏನಂದ್ರು?”

“ಶುಕ್ರವಾರ ಹತ್ತೂವರಿಗೆ ರಾಹುಕಾಲ ಕೂಡ್ತದ. ಅದರೊಳಗ ಬಂದು ಸಕ್ಕರಿ ಇಡಬೇಕಂತ. ಇಲ್ಲಾಂದ್ರ ಹನ್ನೆರಡರ ಮ್ಯಾಲ ವಕೀಲರ ಮನ್ಯಾವ್ರು ಇಡ್ತಾರ.”

ಗಂಡಿನವರ ಸಕ್ಕರೆ ಪುಡಿಕೆ ಒಮ್ಮೆ ಹೆಣ್ಣಿನ ಉಡಿಗೆ ಬಿದ್ದರೆ ಮಾತು ಮುಗಿದಂತೆ. ದೇವರೇ ಬಂದರೂ ಅದನ್ನು ತಿರುಗಿ ಕೊಡುವ ಪದ್ಧತಿ ಇಲ್ಲ.

ವ್ಯಂಕಟೇಶ ನಕ್ಕ. “ಏಳಕ್ಕ ನಮ್ಮ ಸಣ್ಣ ವಿಮಾನ ಏರ್ತೇನಿ. ಎಂಟಕ್ಕ ಸೊಲ್ಲಾಪುರ. ಸೊಲ್ಲಾಪುರದಿಂದ ನಿಮ್ಮ ಕರಜಗಿ ಎಷ್ಟು ದೂರ ಐತಿ?”

“ಬಸ್ಸಿನಾಗ ಬರ್ರಿ. ರಾತ್ರಿ ಹತ್ತಿದ್ರ ಮುಂಜಾನಿ ಮುಟ್ಟತೀರಿ.”

“ಬಸ್ಸಿನಾಗ ಎಲ್ಲಾರೂ ಬರ್ತಾರ ಬೇ.”

ಅವನ ತುಂಟ ಕಣ್ಣು ಕಂಡು ಅವಳು ಸೆರಗಿನಲ್ಲಿ ನಗೆ ಮುಚ್ಚಿಕೊಂಡಳು. ಅಂದೇ ಗಟ್ಟಿಯಾಗಿ ಬೇಡವೆನ್ನಬೇಕಿತ್ತು.

ಶುಕ್ರವಾರ ನರ್ಮದಾ ಹಸಿರು ಸೀರೆಯುಟ್ಟು ಬಾಗಿಲಲ್ಲಿ ಕೂತಳು. ಹತ್ತೂವರೆಯಾಯಿತು. ಹನ್ನೊಂದಾಯಿತು. ಅಪ್ಪ ಹಣಮಂತರಾಯರು ಪಂಚಾಂಗ ಮಡಚಿಟ್ಟರು.

“ಎಲ್ಲಿ ಬಂದಾನವಾ ನಿನ್ನ ಪೈಲಟ್ಟು? ಮೋಡದಾಗ ದಾರಿ ತಪ್ಪ್ಯಾನೇನು?”

“ಇನ್ನೊಂದೀಟು ತಡೀರಿ ಅಪ್ಪಾ.”

“ಹನ್ನೆರಡರ ತನ ತಡಿತೇನಿ. ಆಮ್ಯಾಲ ನನ್ನ ಮಾತು ನಡೀಬೇಕು.”

ಆಡಿದಂತೆಯೇ ಅವರು ನಡೆದರು. ಹನ್ನೆರಡೂ ಕಾಲಿಗೆ ಸೋದರತ್ತೆ ತುಳಸಾಬಾಯಿ ಅವಳ ರಟ್ಟೆ ಹಿಡಿದು ಮಣೆಯ ಮೇಲೆ ಕೂಡಿಸಿದರು. ವಕೀಲರ ಮನೆಯ ಪುಡಿಕೆ ಉಡಿಗೆ ಬಿತ್ತು. ಅಂಗೈಯಷ್ಟು ಪುಡಿಕೆ, ಬಂಡೆಯಷ್ಟು ಭಾರ.

ಒಂದು ಗಂಟೆಗೆ ವ್ಯಂಕಟೇಶ ಬಂದ. ಹುಬ್ಬಿನವರೆಗೂ ಧೂಳು. ಹೊಸ್ತಿಲಾಚೆ ನೆರೆದ ಚಪ್ಪಲಿಗಳನ್ನು ಎಣಿಸಿದವನಿಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ. ನರ್ಮದಾ ನೀರಿನ ತಂಬಿಗೆ ತಂದಳು.

“ವಿಮಾನ ಎಂಟಕ್ಕೇ ಇಳೀತು,” ಅಂದ ಅವನು. “ಒಂದು ನಿಮಿಷ ತಡ ಆಗಲಿಲ್ಲ.”

“ಮತ್ತ?”

“ಅಲ್ಲಿಂದ ಸ್ಟ್ಯಾಂಡಿಗೆ ಟಾಂಗಾ ಸಿಗಲಿಲ್ಲ, ನಡದೆ. ಅಕ್ಕಲಕೋಟಿಗೆ ಬಂದ್ರ ಈ ಕಡಿ ಬಸ್ಸು ಆಗಲೇ ಹೋಗಿತ್ತು. ಮುಂದಿನ ಬಸ್ಸಿಗೆ ಎರಡು ತಾಸು ಕುಂತೆ. ಆಕಾಶದ ಲೆಕ್ಕ ಅಷ್ಟೇ ಹಾಕಿದ್ದೆ ನರ್ಮದಾ, ನೆಲದ್ದು ಹಾಕಲಿಲ್ಲ.”

“ರಾತ್ರಿ ಬಸ್ಸು ಇತ್ತಲ್ಲ?”

“ಇತ್ತು. ನಿಮ್ಮಪ್ಪಾರ ಮುಂದ ವಿಮಾನದಾಗ ಬಂದೆ ಅನ್ನಬೇಕಂತ...”

ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು. “ನಡಕೋತ ಬಂದಿದ್ರೂ ನಾ ನಿಮ್ಮನ್ನೇ ಮಾಡ್ಕೋತಿದ್ದೆ,” ಅಂದಳು, ತುಟಿ ಅಲುಗಿದಷ್ಟೇ.

ಒಳಗಿನಿಂದ ತುಳಸಾಬಾಯಿಯ ದನಿ ಬಂತು: “ಬಾಗಿಲಿಗೆ ಬಂದವ್ರು ಉಣ್ಣದ ಹೋಗಬಾರದು. ಒಳಗ ಕರಿಯವಾ ಅವರನ್ನ.”

ಪಂಕ್ತಿಯ ಕೊನೆಗೆ ಅವನನ್ನು ಕೂಡಿಸಿದರು. ವಕೀಲರ ಮನೆಯವರು ನೋಡುತ್ತಿದ್ದಂತೆ ನರ್ಮದಾ ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತ ಬಂದಳು. ಅವನ ಎಲೆಯ ಮುಂದೆ ಬಗ್ಗಿದಾಗ ಸೌಟು ಸ್ವಲ್ಪ ಹೊತ್ತು ಹಾಗೇ ನಿಂತಿತು. ವ್ಯಂಕಟೇಶ ಎರಡೂ ಕೈ ಎಲೆಗೆ ಅಡ್ಡ ಹಿಡಿದ. ಅವಳ ಮುಖ ನೋಡದೆ, ಕೂತವರಿಗೆಲ್ಲ ಕೇಳುವಂತೆ ಅಂದ:

“ಸಾಕ್ರಿ, ಅಕ್ಕಾರ.”