ಜಾಗರಿ ಹಕ್ಕಿಯ ಕುಲ

"ಮದುವೆ ಯಾಕೆ ನಿಂತೋಯ್ತು ಅಂತ ಎಷ್ಟು ಜನಕ್ಕೆ ಹೇಳ್ಲಪ್ಪಾ? ಜೀರಿಗೆ-ಬೆಲ್ಲ ಇಡೋಕೆ ಬೆಲ್ಲ ಬೇಕಲ್ವಾ!" ಅಂತ ಗೊಣಗ್ತಾ ಆಲೆಮನೆ ಸಿಂಗ್ರಯ್ಯ ಬೆಟ್ಟ ಹತ್ತಿದ.

ಬಹಳ ಹಿಂದೆ, ಕಬ್ಬೇ ಕಾಡಾಗಿದ್ದ ಒಂದು ರಾಜ್ಯದ ಮಾತಿದು. ಗಂಡು ಹೆಣ್ಣು ಒಬ್ಬರ ತಲೆ ಮೇಲೊಬ್ಬರು ಜೀರಿಗೆ-ಬೆಲ್ಲ ಇಡದೆ ಅಲ್ಲಿ ಮದುವೆ ಆಗ್ತಿರಲಿಲ್ಲ. ಸಿಂಗ್ರಯ್ಯನ ಮಗಳ ಧಾರೆ ದಿನವೇ ಧೂಮಕಂಠನೆಂಬ ಮಾಂತ್ರಿಕ ಊರ ಬೆಲ್ಲವನ್ನೆಲ್ಲ ಕಲ್ಲು ಮಾಡಿಬಿಟ್ಟ. ಅವನಿಗೆ ಬೇರೆ ಕೆಲಸ ಇರಲಿಲ್ಲ. ಹುಡುಗಿ ಗೊತ್ತಿಲ್ಲದೆ ಅದನ್ನೇ ಇಟ್ಟಳು. ಗಂಡಿನ ತಲೆ ಬುರುಬುರು ಊದಿತು. ಹೆಣ್ಣಿನ ಕಡೆ ಜನ ಕಮ್ಮಿ ಅಂತ ಮೊದಲೇ ಆಡಿಕೊಳ್ತಿದ್ದ ಬೀಗರು, ಮದುವೆ ನಿಲ್ಲಿಸಿ, ಎದ್ದು ತಾವಿಳಿದಿದ್ದ ಛತ್ರ ಸೇರಿದರು.

ಬೆಟ್ಟದ ಮೇಲಿನ ತನ್ನ ಗುಹೆಯಲ್ಲಿ ಮಾಂತ್ರಿಕ ಒಂದು ಕಂದು ಹಕ್ಕಿ ತೋರಿಸಿದ.

"ಇದು ಇಂಗ್ಲಿಷಿನ ಪದ ಕಣೋ. ಹೆಸರು ಜಾಗರಿ. ಬೆಲ್ಲಕ್ಕೆ ಅವರು ಹಂಗಂತಾರೆ. ಇದರ ಕುಲಮೂಲ ಹುಡುಕು, ಮದುವೆ ಆಗ್ತದೆ. ತಪ್ಪಿದ್ರೆ ನೀನೂ ಕಲ್ಲು."

ಹಕ್ಕಿ ಎತ್ತಿನಷ್ಟಾಯಿತು. ಸಿಂಗ್ರಯ್ಯ ಏರಿ ಕೂತ. ಬರಿಗೈಲಿ ಹೋಗಬಾರದಲ್ಲ, ಕಲ್ಲುಬೆಲ್ಲದ ಅಚ್ಚುಗಳನ್ನೇ ಕಟ್ಟಿಕೊಂಡ.

ಇಂಗ್ಲಿಷರ ಕೋಟೆ ಬಾಗಿಲಲ್ಲಿ ಸಿಂಹ. ಬೆಲ್ಲ ಕಚ್ಚಿತು, ಹಲ್ಲು ಹೋಯಿತು. "ನಮ್ಮನೇಲಿ ಹುಟ್ಟಿದ್ದಲ್ಲ! ಪೋರ್ಚುಗೀಸರನ್ನ ಕೇಳು!"

ಪೋರ್ಚುಗೀಸರ ಹಡಗಿನ ಕೆಳಗೆ ಮೊಸಳೆ. ಬೆಲ್ಲ ಕಚ್ಚಿತು, ಹಲ್ಲು ಹೋಯಿತು. "ನಾವು ಜಾಗರ ಅಂತಿದ್ವಿ. ಮಲಬಾರಿನ ದಡದಲ್ಲಿ ಸಿಕ್ಕಿದ್ದು. ಹೋಗಯ್ಯಾ!"

ಮಲಬಾರಿನ ದಡದಲ್ಲಿ ಮುದಿ ಆಮೆ. ಹಲ್ಲೇ ಇಲ್ಲದ್ದರಿಂದ ಬೆಲ್ಲವನ್ನ ನಿಧಾನ ಚೀಪಿತು.

"ನಮ್ಮಲ್ಲಿ ಚಕ್ಕರ ಅಂತೀವಿ ಮಗಾ. ಇದರ ಮುತ್ತಜ್ಜಿ ಸಂಸ್ಕೃತದ ಶರ್ಕರಾ. ನಿಮ್ಮನೆ ಸಕ್ಕರೆಗೂ ಅವಳೇ ಅಜ್ಜಿ."

"ಆ ಶರ್ಕರಾ ಸಿಹಿಯಾಗಿದ್ದಳಾ, ಆಮೆಜ್ಜಿ?"

"ಎಲ್ಲಿ ಬಂತು! ಶರ್ಕರಾ ಅಂದ್ರೆ ಮೊದಲು ಕಲ್ಲುಹರಳು. ಸಕ್ಕರೆ ಹರಳು ಹಂಗೇ ಕಂಡಿತು ಅಂತ ಅದಕ್ಕೂ ಆ ಹೆಸರು ಬಂತು. ನಿನ್ನ ಬೆಲ್ಲ ಕೆಟ್ಟಿಲ್ಲ ಮಗಾ, ಕಲ್ಲಾಗಿ ಅಜ್ಜಿ ಮನೆಗೆ ಹೋಗಿದೆ ಅಷ್ಟೆ. ಹೆಸರು ಹಿಡಿದು ಕರಿ."

ಸಿಂಗ್ರಯ್ಯ ಗುಹೆಗೆ ಬಂದು ಕಲ್ಲನ್ನ ಅಂಗೈ ಮೇಲಿಟ್ಟುಕೊಂಡ. "ಶರ್ಕರಾ, ಚಕ್ಕರ, ಜಾಗರ, ಜಾಗರಿ... ಬಾ ತಾಯಿ ಮನೆಗೆ. ನನ್ನ ಮಗಳ ಮದುವೆ ನಿಂತದೆ."

ಕಲ್ಲು ಬೆವರಿತು, ಮೆತ್ತಗಾಯಿತು, ಘಮ್ಮೆಂದಿತು. ಧೂಮಕಂಠ ಹೊಗೆಯಾಗಿ ಹೋದ.

ಬೀಗರು ಬಂದರು. ಈ ಸಲ ಹುಡುಗಿ ಜೀರಿಗೆ-ಬೆಲ್ಲವನ್ನ ಹೂವಿನಂಗೆ ಇಟ್ಟಳು. ಆದರೂ ಗಂಡು ಕಣ್ಣು ಮುಚ್ಚಿಕೊಂಡೇ ಇದ್ದ.

ಊಟದ ಹೊತ್ತಿಗೆ ಹಕ್ಕಿ ಚಪ್ಪರದ ಮೇಲೆ ಕೂತಿತ್ತು. ಅದರ ವಂಶವನ್ನೆಲ್ಲ ಸಿಂಗ್ರಯ್ಯ ಹೆಂಡತಿ ಚೆನ್ನಾಜಮ್ಮನಿಗೆ ಹೇಳಿದ. ಅವಳು ಸೌಟು ಕೆಳಗಿಟ್ಟು ಅಂದಳು:

"ಸಕ್ಕರೆಗೆ ನೆಂಟರು ಅಂದ್ಮೇಲೆ ನಮಗೂ ನೆಂಟರೇ ಅಲ್ವಾ? ಮೇಲೆ ಯಾಕೆ ಕೂರಿಸಿದೀರಿ? ಇಳಿಸಿ, ಬೀಗರ ಎದುರು ಪಂಕ್ತೀಲೇ ಎಲೆ ಹಾಕ್ಸಿ. ಹೆಣ್ಣಿನ ಕಡೆ ಜನ ಕಮ್ಮಿ ಅಂದೋರಿಗೆ ಕಾಣ್ಲಿ."