ಕೊತ್ತಂಬರಿ ಬಿತ್ತಿದ ಮಡಿ

ನೆರೆಮನೆಯ ಶಿವಗಂಗಾ ಮಾಳಿಗೆಯ ಮೇಲೆ ಚೀರಿದ್ದು ದಿಲ್‌ಸುಖ್‌ನಗರದ ನಮ್ಮ ಕಟ್ಟಡಕ್ಕೆಲ್ಲ ಕೇಳಿಸಿತು. ನಾನು, ನನ್ನ ಚಿಕ್ಕಮ್ಮ ವಾಸಂತಿ ಮೌಶಿ ಮೇಲಕ್ಕೆ ಓಡಿದೆವು. ಅವಳು ಬೆಳೆಸಿದ್ದ ಬದನೆ, ಹೀರೆ, ಪುಂಡಿಪಲ್ಲೆ—ಬಣ್ಣದ ಡಬ್ಬಿಗಳಲ್ಲಿ, ಇಟ್ಟಿಗೆ ಕಟ್ಟಿದ ಮಡಿಗಳಲ್ಲಿ ಒಂದೂ ಉಳಿಯದೆ ಸತ್ತು ಜೋತುಬಿದ್ದಿದ್ದವು. ಮೌಶಿ ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಉಗುಳಿದಳು.

“ಉಪ್ಪು! ಹರಳುಪ್ಪು ಚೆಲ್ಲಿ ನೀರು ಹಾಕ್ಯಾರ.”

ಡಬ್ಬಿ ಡಬ್ಬಿಯ ಮಣ್ಣನ್ನೂ ಹೀಗೇ ನೋಡಿದಳು. ಮೂಲೆಯಲ್ಲಿದ್ದ ಎರಡು ಬರಿ ಮಡಿಗಳನ್ನೂ ಬಿಡಲಿಲ್ಲ. ಪೊಲೀಸ್ ಇಲಾಖೆಯಿಂದ ನಿವೃತ್ತಳಾದವಳು. ಕಣ್ಣೀರಿಗೆ ಕರಗುವ ಹೆಂಗಸಲ್ಲ.

ಶಿವಗಂಗಾ ತಂಗಿಯ ಮದುವೆಗೆಂದು ರಾಯಚೂರಿಗೆ ಹೋಗಿ ಆಗಷ್ಟೇ ಮರಳಿದ್ದಳು. ಮಕ್ಕಳಾಗಲಿಲ್ಲವೆಂದು ಅತ್ತೆ ಗೋದಾಬಾಯಿ “ಇಕಿ ಕೈಗುಣಾನ ಚಲೋ ಇಲ್ಲ” ಎಂದು ಡಂಗುರ ಹೊಡೆದಿದ್ದಳು. ಸೊಸೆಯನ್ನು ತವರಿಗೆ ಅಟ್ಟಬೇಕೋ ಬೇಡವೋ ಎಂದು ತೀರ್ಮಾನಿಸಲು ಗೋದಾಬಾಯಿಯ ಅಣ್ಣ ಅಂದೇ ಸಂಜೆ ಬರುವವನಿದ್ದ. ಅವನಿಗೆ ತನ್ನ ಕೈಗುಣ ತೋರಿಸಲು ಇವಳಿಗಿದ್ದದ್ದು ಈ ತೋಟವೊಂದೇ.

ಕೆಳಗೆ ಅವರ ಮನೆಯಲ್ಲಿ ವಿಚಾರಣೆ ನಡೆಯಿತು. ಗಂಡ ವಿಶ್ವಜಿತ್ ಹೆಂಡತಿಯ ಬೆನ್ನು ಸವರುತ್ತಿದ್ದ.

“ಗೋದಾಬಾಯಿ, ನೀವೇನ್ರಿ?”

“ಮೊಣಕಾಲು ಹಿಡದು ವರ್ಷಾತು. ನಾ ಮಾಳಿಗಿ ಹತ್ತೇ ಇಲ್ಲ. ಆದ್ರ ಸುದ್ದಿ ಕೇಳಿ ಹೊಟ್ಟಿ ತಣ್ಣಗಾತು.”

ಮೌಶಿ ಪಕ್ಕದ ಮನೆಯ ಮಂದಾಕಿನಿಯ ಕಡೆ ತಿರುಗಿದಳು. “ಗಿಡಕ್ಕ ಹಾಕಿದ ನೀರಿಗೆ ನಿಮ್ಮ ಮನಿ ಛತ್ತು ಸೋರತಿತ್ತಲ್ಲ?”

“ಈಗೂ ಸೋರತೈತ್ರಿ! ಗಿಡಾ ಕೊಂದ್ರ ನಿಲ್ಲತೈತೇನು? ನಾ ಆಗಿದ್ರ ಡಬ್ಬಿನ ಕೆಳಗ ಒಗೀತಿದ್ದೆ.”

“ವಿಶ್ವಜಿತ್?”

“ನಾ ಯಾಕ ಮಾಡ್ಲಿರಿ ಮೌಶಿ? ಮಣ್ಣು ಹೊತ್ತು ತಂದು ಕೊಟ್ಟಾಂವನ ನಾನು!”

ಮೌಶಿ ತಲೆಯಾಡಿಸಿದಳು. “ಶಿವಗಂಗಾ, ಮೂಲ್ಯಾಗಿನ ಎರಡು ಮಡಿ ಖಾಲಿ ಅದಾವೇನು?”

“ಬಲಗಡೀದು ಖಾಲಿ ಐತ್ರಿ. ಎಡಗಡೀದ್ರಾಗ ಊರಿಗೆ ಹೋಗೂ ಹಿಂದಿನ ದಿನ ಕೊತ್ತಂಬರಿ ಬಿತ್ತೀನಿ. ಇನ್ನೂ ಮೊಳಕಿ ಬಂದಿಲ್ಲ.”

“ಎರಡೂ ಬರೇ ಮಣ್ಣು. ನೋಡಿದ್ರ ಫರಕ ಗೊತ್ತಾಗಂಗಿಲ್ಲ. ಆದ್ರ ಎಡಗಡೀದು ಉಪ್ಪು, ಬಲಗಡೀದು ಸಪ್ಪಗ. ಬರೇ ಮಣ್ಣಿಗೆ ಯಾರರ ಉಪ್ಪು ಹಾಕ್ತಾರೇನು? ಹಾಕಿದವ್ರಿಗೆ ಒಳಗ ಬೀಜ ಐತಿ ಅಂತ ಗೊತ್ತಿತ್ತು. ಬಿತ್ತಿದ್ದು ಯಾರಿಗೆ ಹೇಳಿದ್ದಿ?”

“ಯಾರಿಗೂ ಇಲ್ರಿ...”

ಕೊತ್ತಂಬರಿ ಬೀಜವನ್ನು ಇಡಿಯಾಗಿ ಬಿತ್ತುವುದಿಲ್ಲ. ತಿಕ್ಕಿ ಎರಡು ಹೋಳು ಮಾಡಬೇಕು. ಶಿವಗಂಗಾ ಗಂಡನ ಕೈ ನೋಡಿದಳು.

“ಇವ್ರು ನನ್ನ ಬಾಜೂಕ ಕೂತು ತಿಕ್ಕಿಕೊಟ್ರು,” ಎಂದಳು. “ನಕ್ಕೋತ.”

“ಉಪ್ಪು ಹಾಕಿದಾಂವ ಇವನ,” ಎಂದಳು ಮೌಶಿ.

ವಿಶ್ವಜಿತ್ ಅವಳ ಬೆನ್ನಿನಿಂದ ಕೈ ತೆಗೆದ. “ನೀ ಬ್ಯಾಡ ಅಂತ ಮಾರಿ ನೋಡಿ ಹೇಳಾಕ ಆಗಲಿಲ್ಲ. ಸತ್ತ ಗಿಡಾ ನೋಡಿ ಮಾಮಾನ ತವರಿಗೆ ಹೋಗು ಅಂದಿದ್ರ ನನ್ನ ಮ್ಯಾಲ ಬರ್ತಿದ್ದಿಲ್ಲ.”

ಥೂ, ಹೇಡಿ! ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. “ಅಣ್ಣಾವ್ರು ಬರ್ಲಿ, ಎಲ್ಲಾ ನಾನ ಹೇಳ್ತೀನಿ,” ಎಂದಳು ಮೌಶಿ.

ಗೋದಾಬಾಯಿ ನಕ್ಕಳು. “ಹೇಳ್ರಿ. ಕೈಗುಣ ಗಟ್ಟಿ ಇದ್ದಿದ್ರ ಉಪ್ಪಿನ್ಯಾಗೂ ಚಿಗೀತಿದ್ವು.”

ಬಾಗಿಲ ಗಂಟೆ ಸದ್ದಾಯಿತು. ಶಿವಗಂಗಾ ಕಣ್ಣೊರೆಸಿಕೊಂಡು ತಾನೇ ಬಾಗಿಲು ತೆರೆದಳು. ಗೋದಾಬಾಯಿಯ ಅಣ್ಣ ಹೊಸ್ತಿಲಲ್ಲೇ ನಿಂತು ಕೇಳಿದ:

“ಸಾಮಾನು ಕಟ್ಟಿಯೇನವಾ?”

ಗಿಡಗಳು ಸತ್ತ ಸುದ್ದಿಯನ್ನು ಯಾರೂ ಅವನಿಗೆ ಇನ್ನೂ ಹೇಳಿರಲಿಲ್ಲ.