ಹದ್ದಿನ ನಾಣ್ಯ ಕಂಡವರು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಇಟಲಿಯ ಮೊಂತೆರುಬ್ಬೊ ಠಾಣೆಗೆ ದೂರು ಬಂತು. ದೂರುದಾರರು ಊರಿನ ಚಿಕ್ಕ ಮ್ಯೂಸಿಯಂನ ಮುಖ್ಯಸ್ಥೆ ಎರ್ಸಿಲಿಯಾ ಗಲಾಂತಿ. ರೋಮನ್ ಕಾಲದ ಬೆಳ್ಳಿ ನಾಣ್ಯಗಳ ಜಾಗದಲ್ಲಿ ಯಾರೋ ನಕಲಿ ಇಟ್ಟಿದ್ದಾರೆ. ಶಾಲೆಯ ಮಕ್ಕಳಿಗೆ ತೋರಿಸಲು ಎತ್ತಿಕೊಂಡಾಗ ಹಗುರವೆನಿಸಿತು ಎಂದರು. ಕೆಲವು ನಾಣ್ಯಗಳ ಮೇಲೆ ಸೈನ್ಯದಳದ ಹದ್ದು, ಧ್ವಜಗಳು. ಉಳಿದವುಗಳ ಮೇಲೆ ಯುದ್ಧದೇವತೆ ಮಾರ್ಸ್.

ಇನ್ಸ್‌ಪೆಕ್ಟರ್ ಮರಂಗೋನಿ ಎಫ್‌ಐಆರ್ ದಾಖಲಿಸಿ, ಪೇದೆ ಈವೊನನ್ನು ಕರೆದುಕೊಂಡು ಹೊರಟರು. ಗಾಜಿನ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ.

"ಕೀಲಿ ಯಾರ್ ಹತ್ರ ಇರುತ್ತೆ?"

"ನನ್ ಹತ್ರ ಒಂದು, ಕಾವಲಿನ ನಜ್ಜರೇನೊ ಹತ್ರ ಒಂದು. ಅವನ ಮೇಲೆ ಅನುಮಾನ ಬೇಡ ಸಾರ್. ಹಳೇ ವಸ್ತು ಹುಡುಕ್ತಾ ನೆಲ ಅಗೆಯೋ ಕಾಲದಿಂದ ಜೊತೆಗಿದ್ದಾನೆ. ನನ್ ಮಗಳ ದೀಕ್ಷಾಸ್ನಾನದಲ್ಲಿ ಮಗೂನ ಎತ್ಕೊಂಡು ನಿಂತೋನು."

ಮರಂಗೋನಿ ನಕಲಿ ನಾಣ್ಯವೊಂದನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಅರದಿಂದ ಉಜ್ಜಿದ ಓರೆ ಗೀರುಗಳು. ಎರ್ಸಿಲಿಯಾರ ಮೇಜಿನ ಮೇಲೆ ಕ್ರಿಸ್‌ಮಸ್ ಗೋದಲಿಯ ತವರದ ಕುರುಬನ ಗೊಂಬೆ ನಿಂತಿತ್ತು. ಅದರ ಬುಡದಲ್ಲೂ ಅದೇ ಓರೆ ಗೀರು.

"ಇದನ್ನ ಮಾಡಿದ್ದು ಯಾರು?"

ಎರ್ಸಿಲಿಯಾ ಗೊಂಬೆಯನ್ನು ಕೈಗೆತ್ತಿಕೊಂಡರು. "ನಜ್ಜರೇನೊ. ಪ್ರತಿ ವರ್ಷ ಅವನೇ ಒಂದೊಂದು ಎರಕ ಹೊಯ್ದು ತಂದ್ಕೊಡ್ತಾನೆ."

ಮಧ್ಯಾಹ್ನ ನಜ್ಜರೇನೊನ ನೆಲಮಾಳಿಗೆಯಲ್ಲಿ ಹದ್ದಿನ ಅಚ್ಚುಗಳು ಸಿಕ್ಕವು. ನೆರೆಮನೆಯವರ ಸಮಕ್ಷಮ ಪಂಚನಾಮೆ ನಡೆಯಿತು.

"ಯಾರಿಗ್ ಮಾರ್ದೆ?"

"ಮಾರೋದಾ? ಥೂ. ಎಲ್ಲಿದ್ವೋ ಅಲ್ಲೇ ಇಟ್ಟೆ."

ಅವನೇ ದಾರಿ ತೋರಿಸಿದ. ನಾಣ್ಯಗಳು ಮೊದಲು ದೊರೆತಿದ್ದ ಆಲಿವ್ ತೋಟದ ಇಳಿಜಾರಿನಲ್ಲಿ ಈವೊ ಅಗೆದ. ಎಣ್ಣೆಬಟ್ಟೆಯ ಗಂಟಿನಲ್ಲಿ ಬೆಳ್ಳಿ ಇತ್ತು. ಗುರುತಿಸಲು ಎರ್ಸಿಲಿಯಾರನ್ನು ಕರೆಸಿದರು.

"ಒಡಹುಟ್ಟಿದೋನು ಅಂತ ನಂಬಿದ್ದೆ, ನಜ್ಜರೇನೊ."

"ನಾನೂ ನಂಬಿದ್ದೆ, ಎರ್ಸಿಲಿಯಮ್ಮ. ಇದನ್ನ ಮೊದಲು ಕಂಡೋನು ನಾನು. 'ಒಂದ್ ದಿನ ಬಾಯ್ಬಿಡ್ಬೇಡ, ಇಬ್ಬರ ಹೆಸರೂ ಹೇಳ್ತೀನಿ' ಅಂದ್ರಿ. ಪೇಪರ್‌ನಲ್ಲಿ ನಿಮ್ಮ ಹೆಸರೊಂದೇ ಬಂತು. ಗೋಡೆ ಫಲಕದಲ್ಲೂ ಅಷ್ಟೇ. ದಿನಾ ಅದನ್ನ ಒರೆಸ್ತಿದ್ದೋನು ನಾನು. ಹೇಗೋ ತಡ್ಕೊಂಡೆ. ಮೊನ್ನೆ ನಿಮ್ ಮಗಳು ಕೇಳಿದ್ಲು, 'ಅಮ್ಮ ಇದನ್ನ ಕಂಡಾಗ ನೀನೆಲ್ಲಿದ್ದೆ ಮಾಮ?' ಅಂತ."

ಮರಂಗೋನಿ ಎರ್ಸಿಲಿಯಾರ ಕಡೆ ತಿರುಗಿದರು. "ಹೌದಾ ಮೇಡಂ?"

"ಹೌದು," ಎಂದರು ಅವರು. ಕೈಯಲ್ಲಿದ್ದ ನಾಣ್ಯದ ಮಣ್ಣನ್ನು ಒರೆಸಲಿಲ್ಲ.

ಸಂಜೆ ಬಂಧನ ದಾಖಲಾಯಿತು. ಜೀಪು ಹತ್ತುವಾಗ ನಜ್ಜರೇನೊ ಮೆಲ್ಲಗೆ ಹೇಳಿದ:

"ಇನ್ಯಾರಿಗಾದ್ರೂ ಸಿಗ್ಲಿ ಅಂತ ಹೂತೆ ಸಾರ್. ಆ ಸಲನಾದ್ರೂ ಕಂಡೋನ ಹೆಸರು ಹಾಕ್ತಾರೇನೋ ಅಂತ."